ಸೆನೆಕಾ ರಸ್ತೆಯಿಂದ ಟೆಂಟ್ ಸಿಟಿಗೆ: ಬಾಸ್ಟನ್ನಿನ ಒಂದು ಕೇರಿಯನ್ನು ಒಕ್ಕಲೆಬ್ಬಿಸಿದ ಪ್ರಕರಣ

ಬಾಸ್ಟನ್ ನಗರದ ಇಂದಿನ ನಕ್ಷೆಯಲ್ಲಿ ಸೆನೆಕಾ ರಸ್ತೆಯನ್ನು ಹುಡುಕಿದರೆ ಸಿಗುವುದಿಲ್ಲ. ಸೌತ್ ಎಂಡ್ ಬಡಾವಣೆಯ ಈಶಾನ್ಯ ಮೂಲೆಯಲ್ಲಿ, ಹ್ಯಾರಿಸನ್ ಅವೆನ್ಯೂ ಮತ್ತು ಆಲ್ಬನಿ ರಸ್ತೆಗಳ ಆಸುಪಾಸಿನಲ್ಲಿ ಅದು ಇತ್ತು. ಈಗ ಆ ಭಾಗದ ಎರಡು ರಸ್ತೆಗಳಿಗೆ ಹೆರಾಲ್ಡ್, ಟ್ರಾವೆಲರ್ ಎಂದು ಪತ್ರಿಕೆಗಳ ಹೆಸರಿವೆ. 1928ರ ಅಕ್ಟೋಬರ್‌ನಲ್ಲಿ ಹುಟ್ಟಿ ಸೆನೆಕಾ ರಸ್ತೆಯಲ್ಲಿ ಬೆಳೆದ ಮೆಲ್ ಕಿಂಗ್ ಎಂಬ ಕಪ್ಪು ಹುಡುಗ ಮುಂದೆ ಶಿಕ್ಷಕರಾದರು, ಸಂಘಟಕರಾದರು, ರಾಜ್ಯದ ಶಾಸಕರಾದರು, ಬಾಸ್ಟನ್ನಿನ ಮೇಯರ್ ಹುದ್ದೆಗೆ ಸ್ಪರ್ಧಿಸಿದರು, ಮತ್ತು 2023ರ ಮಾರ್ಚ್ 28ರಂದು ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬದುಕಿನ ಬಹುಪಾಲನ್ನು ಅವರು ಸೌತ್ ಎಂಡ್‌ನಲ್ಲಿಯೇ ಕಳೆದರು. ತಾವು ಬೆಳೆದ ಕೇರಿ ಹೇಗಿತ್ತು ಎಂಬುದನ್ನು ಅವರು ಭಾಷಣಗಳಲ್ಲಿ, ಸಂದರ್ಶನಗಳಲ್ಲಿ, ತಮ್ಮ ಪುಸ್ತಕದಲ್ಲಿ ಮತ್ತೆ ಮತ್ತೆ ಹೇಳುತ್ತ ಬಂದರು. ಆ ನೆನಪು ಹೇಗೆ ಒಂದು ಹಕ್ಕಿನ ಬೇಡಿಕೆಯಾಯಿತು, ಆ ಬೇಡಿಕೆ ಹೇಗೆ ಇಪ್ಪತ್ತು ವರ್ಷ ಹಿಡಿದು ಇಟ್ಟಿಗೆ ಗಾರೆಯ ಮನೆಗಳಾಗಿ ನಿಂತಿತು, ಮತ್ತು ಅಷ್ಟಾದ ಮೇಲೂ ಏನು ಮರಳಿ ಬರಲಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಆ ಕೇರಿಗೆ ಜನ ‘ನ್ಯೂಯಾರ್ಕ್ ಸ್ಟ್ರೀಟ್ಸ್’ ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸ್ಟನ್ನಿನಿಂದ ಪಶ್ಚಿಮಕ್ಕೆ ರೈಲು ಮಾರ್ಗ ಬೆಳೆದಾಗ, ಆ ದಾರಿ ತಲುಪುವ ನ್ಯೂಯಾರ್ಕ್ ರಾಜ್ಯದ ಊರು, ಸೀಮೆಗಳ ಹೆಸರನ್ನು ಇಲ್ಲಿನ ಓಣಿಗಳಿಗೆ ಇಟ್ಟಿದ್ದರು: ಟ್ರಾಯ್, ರಾಚೆಸ್ಟರ್, ಜೆನೆಸೀ, ಆಸ್ವಿಗೋ, ಒನೈಡಾ, ಸೆನೆಕಾ. ಇವುಗಳಲ್ಲಿ ಸೆನೆಕಾ ಮತ್ತು ಒನೈಡಾ ಮೂಲತಃ ಆ ಸೀಮೆಯ ಮೂಲನಿವಾಸಿ ಸಮುದಾಯಗಳ ಹೆಸರುಗಳು. ನೆಲ ಕಳೆದುಕೊಂಡ ಜನರ ಹೆಸರು ಹೊತ್ತ ಓಣಿಗಳಿಂದ ಇನ್ನೊಂದು ಜನಸಮೂಹವೂ ನೆಲೆ ಕಳೆದುಕೊಂಡು ಹೊರಟಿತು ಎಂಬುದು ಹೆಸರುಗಳ ಬಗ್ಗೆ ಯೋಚಿಸುವಾಗಲೆಲ್ಲ ನನ್ನನ್ನು ಕಾಡುತ್ತದೆ.

ಮೆಲ್ ಕಿಂಗ್ ಅವರ ತಂದೆ ವಾಟ್ಸ್ ಕಿಂಗ್ ಬಾರ್ಬಡೋಸ್ ದ್ವೀಪದವರು, ತಾಯಿ ಅರ್ಸುಲಾ ಗಯಾನಾದವರು. ಇಬ್ಬರೂ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಭೇಟಿಯಾಗಿ, ಮದುವೆಯಾಗಿ, 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದರು. ತಂದೆ ಬಂದರಿನ ದುಡಿಮೆಗಾರರು, ಕಾರ್ಮಿಕ ಸಂಘದ ಕೆಲಸದಲ್ಲಿಯೂ ತೊಡಗಿದ್ದವರು. ಮನೆತುಂಬ ಮಕ್ಕಳು. ನೆರೆಯಲ್ಲಿ ಐರಿಷ್, ಯಹೂದಿ, ಗ್ರೀಕ್, ಆರ್ಮೇನಿಯನ್, ಸಿರಿಯನ್, ಲಿಥುವೇನಿಯನ್, ಪೋರ್ಚುಗೀಸ್, ಚೀನೀ ಮನೆಗಳು. ಅವುಗಳ ನಡುವೆಯೇ ದಕ್ಷಿಣದ ರಾಜ್ಯಗಳಿಂದಲೂ ಕೆರಿಬಿಯನ್ ದ್ವೀಪಗಳಿಂದಲೂ ಬಂದ ಕಪ್ಪು ಜನರ ಮನೆಗಳು. ಕುಟುಂಬ ಹೋಗುತ್ತಿದ್ದ ಇಗರ್ಜಿಯ ಹೆಸರೇ ‘ಚರ್ಚ್ ಆಫ್ ಆಲ್ ನೇಷನ್ಸ್’, ಎಂದರೆ ಸಕಲ ಜನಾಂಗಗಳ ಇಗರ್ಜಿ. ಹತ್ತಿರದ ವಾಷಿಂಗ್ಟನ್ ರಸ್ತೆಯ ನೆತ್ತಿಯ ಮೇಲೆ 1901ರಿಂದ ಉಕ್ಕಿನ ಕಂಬಗಳ ಮೇಲಿನ ರೈಲು ಗಡಗಡಿಸುತ್ತ ಓಡುತ್ತಿತ್ತು. ಅದರ ಡೋವರ್ ನಿಲ್ದಾಣದಿಂದ ಇಳಿದರೆ ಕೇರಿ ಕಾಲ್ನಡಿಗೆಯ ದೂರ. ಮೆಲ್ ಕಿಂಗ್ ತಮ್ಮ ಬಾಲ್ಯದ ಬಗ್ಗೆ ಮಾತನಾಡುವಾಗ ಹ್ಯಾರಿಸನ್ ಅವೆನ್ಯೂವಿನ ಅಂಗಡಿ ಸಾಲನ್ನು ಒಂದೊಂದಾಗಿ ಎಣಿಸುವಂತೆ ಹೇಳುತ್ತಿದ್ದರು. ಒಂದೊಂದು ಅಂಗಡಿ ಒಂದೊಂದು ನಾಡಿನವರದು, ಒಂದೊಂದರ ರೊಟ್ಟಿಯ ರುಚಿ ಒಂದೊಂದು ಬಗೆ, ಮಕ್ಕಳು ಮಾತ್ರ ಎಲ್ಲ ಬಾಗಿಲುಗಳಲ್ಲಿಯೂ ಒಂದೇ ಸಲುಗೆಯಿಂದ ನುಗ್ಗುವವರು.

ಈ ನೆನಪನ್ನು ಕೇವಲ ಸವಿನೆನಪೆಂದು ತಳ್ಳಿಹಾಕುವುದು ಸುಲಭ. ಆ ಕೇರಿಯಲ್ಲಿ ಬಡತನ ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಲ್ಲಿನ ಬಹುತೇಕ ಮನೆಗಳು ದಿನದ ದುಡಿಮೆಯನ್ನೇ ನಂಬಿದ್ದವು. ಕಟ್ಟಡಗಳು ಹಳೆಯವು, ಮಾಲೀಕರು ಬಹಳ ಕಡೆ ಬೇರೆಲ್ಲೋ ಇದ್ದವರು, ರಿಪೇರಿಗೆ ಹಣ ಹಾಕದವರು. ಆದರೆ ಮೆಲ್ ಕಿಂಗ್ ಅವರ ನೆನಪಿನ ಒತ್ತು ಕಟ್ಟಡದ ಮೇಲೆ ಇರಲಿಲ್ಲ, ನೆರೆಹೊರೆಯ ಮೇಲೆ ಇತ್ತು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗ ಶಾಲೆ ತಪ್ಪಿಸಿದ, ಯಾರಿಗೆ ಕೆಲಸ ಹೋಯಿತು ಎಂಬುದು ಓಣಿಗೆ ಗೊತ್ತಿತ್ತು. ನಗರದ ಕಡತದಲ್ಲಿ ಬರೆಯಲು ಕಾಲಮ್ಮೇ ಇಲ್ಲದ ಆಸ್ತಿ ಇದು. ಕಡತ ಬರೆಯುವವರು ಗೋಡೆಯ ಬಿರುಕು, ಶೌಚಾಲಯ, ಕಿಟಕಿಗಳನ್ನು ಎಣಿಸಿಕೊಂಡು ಹೋದರು, ಅದು ಅವರಿಗೆ ಕೊಟ್ಟ ನಮೂನೆಯಲ್ಲಿ ಇತ್ತು.

ತಾವು ಬೆಳೆದದ್ದು ಕೊಳೆಗೇರಿ ಎಂಬುದು ಅವರಿಗೆ ತಿಳಿದದ್ದು ಇತರರು ಹಾಗೆ ಕರೆದಾಗ. 1946ರಲ್ಲಿ ಬಾಸ್ಟನ್ ಟೆಕ್ನಿಕಲ್ ಹೈಸ್ಕೂಲ್ ಮುಗಿಸಿ, ದಕ್ಷಿಣ ಕ್ಯಾರೊಲೈನಾದ ಆರೆಂಜ್‌ಬರ್ಗ್‌ನಲ್ಲಿರುವ, ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಕ್ಲಾಫ್ಲಿನ್ ಕಾಲೇಜಿನಲ್ಲಿ ಗಣಿತ ಓದಿ, 1950ರಲ್ಲಿ ಪದವಿ ಪಡೆದು ಅವರು ಊರಿಗೆ ಮರಳಿದರು. ತಾವು ‘ನಮ್ಮ ಕೇರಿ’ ಎನ್ನುತ್ತಿದ್ದ ಜಾಗಕ್ಕೆ ಪತ್ರಿಕೆಯ ಬರಹಗಳು ಕುಡುಕರ, ನೆಲೆಗೆಟ್ಟವರ ಓಣಿ ಎಂಬ ಹೆಸರು ಕೊಟ್ಟಿದ್ದವು ಎಂದು ಅವರು ನೆನಪಿಸಿಕೊಳ್ಳುತ್ತಿದ್ದರು. ನಮ್ಮ ಭಾಷೆಯ ‘ಕೊಳೆಗೇರಿ’ ಎಂಬ ಪದವನ್ನೇ ನೋಡಿ: ಕೇರಿ ಎಂಬ ಸಹಜ ಪದಕ್ಕೆ ಕೊಳೆ ಅಂಟಿಕೊಂಡ ಕ್ಷಣದಿಂದ, ಅಲ್ಲಿರುವವರನ್ನು ಕೇಳದೆಯೇ ಅದನ್ನು ತೊಳೆದು ತೆಗೆಯುವ ಅಧಿಕಾರ ಬೇರೆಯವರ ಕೈಗೆ ಹೋಗಿಬಿಡುತ್ತದೆ. ಬಾಸ್ಟನ್ನಿನಲ್ಲಿಯೂ ಆದದ್ದು ಅದೇ. ಹೆಸರು ಮೊದಲು ಬಂತು, ಬುಲ್ಡೋಜರ್ ಆಮೇಲೆ ಬಂತು.

ಬುಲ್ಡೋಜರ್ ಹಿಂದಿನ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಇದು ಯಾರೋ ಒಬ್ಬ ದುಷ್ಟ ಅಧಿಕಾರಿಯ ಕೆಲಸ ಎಂದುಕೊಂಡರೆ ಪ್ರಕರಣವೇ ಅರ್ಥವಾಗುವುದಿಲ್ಲ. 1930ರ ದಶಕದ ಕೊನೆಗೆ ಅಮೆರಿಕದ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕ್ಷೆ ಬರೆಸಿ, ಸಾಲ ಕೊಡಲು ಅಪಾಯಕಾರಿ ಎಂದು ಕಂಡ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತ್ತು. ಕಪ್ಪು ಜನರು ಇದ್ದಾರೆಂಬುದೇ ಅಪಾಯದ ಒಂದು ಗುರುತಾಗಿತ್ತು. ಇಂಥ ಕೇರಿಗಳಲ್ಲಿ ಮನೆ ಕೊಳ್ಳಲೂ ರಿಪೇರಿ ಮಾಡಿಸಲೂ ಸಾಲ ಹುಟ್ಟುತ್ತಿರಲಿಲ್ಲ. ಸಾಲ ಹುಟ್ಟದ ಮನೆ ಹಳತಾಗುತ್ತದೆ, ಹಳತಾದ ಮನೆಯನ್ನು ತೋರಿಸಿ ಬಡಾವಣೆ ಹಾಳಾಗಿದೆ ಎನ್ನಲಾಗುತ್ತದೆ. 1949ರ ವಸತಿ ಕಾಯ್ದೆ ಈ ಸುತ್ತನ್ನು ಪೂರ್ಣಗೊಳಿಸಿತು. ಆ ಕಾಯ್ದೆಯ ಪ್ರಕಾರ ನಗರವೊಂದು ‘ಹಾಳಾದ’ ಪ್ರದೇಶವನ್ನು ಸ್ವಾಧೀನಪಡಿಸಿಕೊಂಡು, ಮನೆಗಳನ್ನು ಕೆಡವಿ, ನೆಲವನ್ನು ಕಡಿಮೆ ಬೆಲೆಗೆ ಖಾಸಗಿಯವರಿಗೆ ಮಾರಿದರೆ, ಆಗುವ ನಿವ್ವಳ ನಷ್ಟದ ಮೂರರಲ್ಲಿ ಎರಡು ಪಾಲನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತಿತ್ತು. ತೆರಿಗೆ ಆದಾಯ ಕುಸಿಯುತ್ತಿದ್ದ ಬಾಸ್ಟನ್ನಿನಂಥ ಹಳೆಯ ನಗರಕ್ಕೆ ಇದು ತಟ್ಟೆಯಲ್ಲಿಟ್ಟು ಕೊಟ್ಟ ಅವಕಾಶವಾಗಿತ್ತು. ಹೀಗೆ ಒಬ್ಬರ ನೆಲವನ್ನು ಕಿತ್ತುಕೊಂಡು ಇನ್ನೊಬ್ಬ ಖಾಸಗಿಯವರಿಗೆ ಕೊಡುವುದು ‘ಸಾರ್ವಜನಿಕ ಉದ್ದೇಶ’ವೇ ಎಂಬ ಪ್ರಶ್ನೆ ವಾಷಿಂಗ್ಟನ್ ನಗರದ ಬರ್ಮನ್ ವಿರುದ್ಧ ಪಾರ್ಕರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 1954ರಲ್ಲಿ ನ್ಯಾಯಾಲಯ ಹೌದೆಂದಿತು.

ನ್ಯೂಯಾರ್ಕ್ ಸ್ಟ್ರೀಟ್ಸ್ ಬಾಸ್ಟನ್ನಿನಲ್ಲಿ ಈ ಕಾಯ್ದೆಯ ಅಡಿ ನೆಲಸಮವಾದ ಮೊದಲ ಕೇರಿ. 1950ರ ದಶಕದ ಮಧ್ಯದಲ್ಲಿ ಮನೆಗಳು ಬಿದ್ದವು. ನೆಲವನ್ನು ಕೈಗಾರಿಕೆ, ವ್ಯಾಪಾರಗಳಿಗೆ ಮೀಸಲಿಟ್ಟರು. 1959ರಲ್ಲಿ ಅಲ್ಲಿ ಹೆರಾಲ್ಡ್ ಟ್ರಾವೆಲರ್ ಪತ್ರಿಕೆಯ ಮುದ್ರಣಾಲಯ ತಲೆಯೆತ್ತಿತು. ಅದರ ಬೆನ್ನಲ್ಲೇ ನಗರದ ಇನ್ನೊಂದು ತುದಿಯ ವೆಸ್ಟ್ ಎಂಡ್ ಬಡಾವಣೆಯಲ್ಲಿ ಸುಮಾರು 2,700 ಕುಟುಂಬಗಳನ್ನು ಎಬ್ಬಿಸಿದರು. ವೆಸ್ಟ್ ಎಂಡ್ ಬಗ್ಗೆ ಸಮಾಜಶಾಸ್ತ್ರಜ್ಞರು ಬರೆದರು, ದೇಶವೇ ಓದಿತು. ಅದಕ್ಕೂ ಮೊದಲು ಹೋದ, ಕಪ್ಪು ಜನರೂ ವಲಸಿಗರೂ ಕಲೆತು ಬಾಳಿದ ನ್ಯೂಯಾರ್ಕ್ ಸ್ಟ್ರೀಟ್ಸ್ ಅಷ್ಟು ಗಮನ ಸೆಳೆಯಲಿಲ್ಲ. ಅದರ ದಾಖಲೆಯನ್ನು ಬಹುಮಟ್ಟಿಗೆ ಅಲ್ಲಿದ್ದವರ ಬಾಯಿಮಾತೇ ಉಳಿಸಿಕೊಂಡು ಬಂತು.

ಎಬ್ಬಿಸಲ್ಪಟ್ಟವರಲ್ಲಿ ಬಹುಪಾಲು ಜನ ಬಾಡಿಗೆದಾರರು. ನೆಲದ ಬೆಲೆ ಮಾಲೀಕರಿಗೆ ಸಂದಾಯವಾಗುತ್ತಿತ್ತು, ಓಣಿಯಲ್ಲಿ ಇಪ್ಪತ್ತು ವರ್ಷ ಬಾಳಿದ ಬಾಡಿಗೆದಾರನಿಗೆ ಹೇಳಿಕೊಳ್ಳುವಂಥದ್ದೇನೂ ಸಿಗುತ್ತಿರಲಿಲ್ಲ. ಸರ್ಕಾರಿ ಯೋಜನೆಗಳಿಂದ ನೆಲೆ ಕಳೆದುಕೊಂಡವರಿಗೆ ಏಕರೂಪದ ನೆರವು ಕೊಡಬೇಕೆಂಬ ಕೇಂದ್ರ ಕಾನೂನು ಬಂದದ್ದು 1970ರಲ್ಲಿ. ಬಿಳಿಯ ಕುಟುಂಬವೊಂದು ಎದ್ದು ಹೊರಟರೆ ಉಪನಗರದ ಬಾಗಿಲು ತೆರೆದಿರಬಹುದಿತ್ತು. ಕಪ್ಪು ಕುಟುಂಬಕ್ಕೆ ಆ ಬಾಗಿಲು ಮುಚ್ಚಿತ್ತು. ಅವರು ಸೌತ್ ಎಂಡ್‌ನ ಒಳಭಾಗಕ್ಕೆ, ಅಲ್ಲಿಂದ ರಾಕ್ಸ್‌ಬರಿಗೆ, ಮುಂದೆ ಡಾರ್ಚೆಸ್ಟರ್‌ಗೆ ಸರಿಯುತ್ತ ಹೋದರು. ಹತ್ತಾರು ಜನಾಂಗಗಳು ಒಟ್ಟಿಗೆ ಬದುಕುತ್ತಿದ್ದ ಒಂದು ಕೇರಿಯನ್ನು ಕೆಡವಿದ್ದರಿಂದ, ಜನಾಂಗವಾರು ಬೇರ್ಪಟ್ಟ ಬಡಾವಣೆಗಳು ಇನ್ನಷ್ಟು ಗಟ್ಟಿಯಾದವು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತಿ ದೊಡ್ಡ ನಷ್ಟ ಇದು. ಎರಡು ದಶಕಗಳ ತರುವಾಯ, ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಕಲಿಯಲೆಂದು ಶಾಲಾ ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬಡಾವಣೆಯ ಶಾಲೆಗೆ ಒಯ್ದಾಗ ಕಲ್ಲು ತೂರಾಟ ಕಂಡ ನಗರ, ಸಹಬಾಳ್ವೆಯ ಒಂದು ಜೀವಂತ ಮಾದರಿಯನ್ನು ತನ್ನ ಕೈಯಾರೆ ಕೆಡವಿಕೊಂಡಿತ್ತು.

ಕೇರಿ ಬೀಳುವ ಹೊತ್ತಿಗೆ ಮೆಲ್ ಕಿಂಗ್ ಇಪ್ಪತ್ತರ ಹರೆಯದ ಕೊನೆಯತ್ತ ಇದ್ದರು. ಗಣಿತದ ಮೇಷ್ಟರಾಗಿದ್ದು, ಬಳಿಕ ಸೌತ್ ಎಂಡ್‌ನ ಲಿಂಕನ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ಹುಡುಗರ ಜೊತೆ ಕೆಲಸ ಮಾಡುತ್ತಿದ್ದರು. 1981ರಲ್ಲಿ ಪ್ರಕಟವಾದ ‘ಚೇನ್ ಆಫ್ ಚೇಂಜ್’ ಎಂಬ ತಮ್ಮ ಪುಸ್ತಕದಲ್ಲಿ ಅವರು ಬಾಸ್ಟನ್ನಿನ ಕಪ್ಪು ಸಮುದಾಯದ ಮೂರು ದಶಕಗಳನ್ನು ಸೇವೆಯ ಹಂತ, ಸಂಘಟನೆಯ ಹಂತ, ಸಂಸ್ಥೆ ಕಟ್ಟುವ ಹಂತ ಎಂದು ಮೂರಾಗಿ ಓದುತ್ತಾರೆ. ಮೊದಲ ಹಂತದಲ್ಲಿ ಸಮುದಾಯ ಇತರರು ನೀಡುವ ಸೇವೆಗೆ ಕೈಯೊಡ್ಡಿ ನಿಲ್ಲುತ್ತದೆ. ಎರಡನೆಯದರಲ್ಲಿ ತನ್ನ ಬಲ ತನಗೇ ತಿಳಿಯುತ್ತದೆ. ಮೂರನೆಯದರಲ್ಲಿ ತನ್ನದೇ ಸಂಸ್ಥೆಗಳನ್ನು ಕಟ್ಟಿಕೊಳ್ಳುತ್ತದೆ. ಅವರದೇ ಬದುಕಿಗೆ ಈ ಓದು ಚೆನ್ನಾಗಿ ಹೊಂದುತ್ತದೆ. 1961, 1963, 1965ರಲ್ಲಿ ಮೂರು ಸಲ ನಗರದ ಶಾಲಾ ಸಮಿತಿಗೆ ನಿಂತು ಸೋತರು. ಬಡಾವಣೆಗೆ ಬರುವ ಸರ್ಕಾರಿ ಹಣ ಹೇಗೆ ಖರ್ಚಾಗಬೇಕೆಂಬುದನ್ನು ಬಡಾವಣೆಯ ಜನರೇ ನಿರ್ಧರಿಸಬೇಕೆಂದು ಪಟ್ಟು ಹಿಡಿದದ್ದಕ್ಕಾಗಿ ಅವರು ದುಡಿಯುತ್ತಿದ್ದ ಸೇವಾಸಂಸ್ಥೆ ಕೆಲಸದಿಂದ ತೆಗೆಯಿತು, ಜನ ಬೀದಿಗಿಳಿದರು, ಸಂಸ್ಥೆ ಮರಳಿ ಕರೆದುಕೊಂಡಿತು. ಜನ ಸೇರಿದರೆ ತೀರ್ಮಾನ ಬದಲಾಗುತ್ತದೆ ಎಂಬುದು ಆಗ ಅವರ ಸ್ವಂತ ಸಂಬಳದ ವಿಷಯದಲ್ಲಿಯೇ ಸಾಬೀತಾಗಿತ್ತು.

ಅಷ್ಟರಲ್ಲಿ ಇನ್ನೂ ದೊಡ್ಡ ಯೋಜನೆ ಬಂದಿತ್ತು. ನ್ಯೂ ಹೇವನ್ ನಗರದಿಂದ ಬಂದು ಬಾಸ್ಟನ್ ಪುನರಭಿವೃದ್ಧಿ ಪ್ರಾಧಿಕಾರದ ಚುಕ್ಕಾಣಿ ಹಿಡಿದ ಎಡ್ ಲೋಗ್ ಅವರ ಅವಧಿಯಲ್ಲಿ, 1965ರಲ್ಲಿ ಇಡೀ ಸೌತ್ ಎಂಡ್‌ಗೆ ನವೀಕರಣ ಯೋಜನೆಯ ಒಪ್ಪಿಗೆ ಸಿಕ್ಕಿತು. ಈ ಬಾರಿ ಎಲ್ಲವನ್ನೂ ಕೆಡವುವುದಿಲ್ಲ, ಹಳೆಯ ಇಟ್ಟಿಗೆ ಮನೆಗಳ ಸಾಲನ್ನು ಉಳಿಸಿ ದುರಸ್ತಿ ಮಾಡುತ್ತೇವೆ ಎಂದು ಪ್ರಾಧಿಕಾರ ಹೇಳಿತು. ಉಳಿದದ್ದು ಮನೆ, ಉಳಿಯದೆ ಹೋದದ್ದು ಬಾಡಿಗೆ. ದುರಸ್ತಿಯಾದ ಮನೆಯ ಬಾಡಿಗೆ ಏರುತ್ತಿತ್ತು, ಕೊಠಡಿಗಳಲ್ಲಿ ಇರುತ್ತಿದ್ದವರು ಜಾಗ ಬಿಡಬೇಕಾಗುತ್ತಿತ್ತು. ಎಷ್ಟೋ ಜಾಗಗಳಲ್ಲಿ ಮನೆ ಕೆಡವಿ, ಬದಲಿ ಮನೆ ಕಟ್ಟದೆ, ನೆಲವನ್ನು ಖಾಲಿ ಬಿಡಲಾಗಿತ್ತು. ಡಾರ್ಟ್‌ಮತ್ ರಸ್ತೆ ಮತ್ತು ಕೊಲಂಬಸ್ ಅವೆನ್ಯೂ ಸೇರುವ ಮೂಲೆ ಅಂಥದ್ದೊಂದು ಜಾಗ. ಜನ ವಾಸವಾಗಿದ್ದ ಮನೆಗಳು ಬಿದ್ದ ಮೇಲೆ ಅದು ಕಾರು ನಿಲ್ಲಿಸುವ ಬಯಲಾಗಿತ್ತು. ಬೆಳಿಗ್ಗೆ ಉಪನಗರಗಳಿಂದ ಬರುವ ನೌಕರರು ಅಲ್ಲಿ ಕಾರು ಬಿಟ್ಟು ಕಚೇರಿಗೆ ನಡೆದು ಹೋಗುತ್ತಿದ್ದರು, ಸಂಜೆ ಕಾರು ತೆಗೆದುಕೊಂಡು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು.

1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರೂ ಸೌತ್ ಎಂಡ್‌ನಲ್ಲಿ, 397 ಮ್ಯಾಸಚೂಸೆಟ್ಸ್ ಅವೆನ್ಯೂವಿನ ಮನೆಯಲ್ಲಿ ಬಾಡಿಗೆಗಿದ್ದವರು. ಏಪ್ರಿಲ್ 11ರಂದು ವಸತಿಯಲ್ಲಿ ಭೇದವೆಣಿಸುವುದನ್ನು ನಿಷೇಧಿಸುವ ಕೇಂದ್ರ ಕಾಯ್ದೆಗೆ ಸಹಿ ಬಿತ್ತು. ಅದಾದ ಎರಡು ವಾರಗಳಲ್ಲಿ, ಮೆಲ್ ಕಿಂಗ್ ಮತ್ತು ಸಂಗಾತಿಗಳು ಕಟ್ಟಿದ್ದ, ಒಗ್ಗಟ್ಟಿನ ಸೌತ್ ಎಂಡ್‌ಗಾಗಿ ಸಮುದಾಯ ಸಭೆ ಎಂಬ ಅರ್ಥದ ಹೆಸರಿನ ಸಂಘಟನೆಯು ಮೊದಲು ಪ್ರಾಧಿಕಾರದ ಸ್ಥಳೀಯ ಕಚೇರಿಯಲ್ಲಿ ಧರಣಿ ಕುಳಿತಿತು, ಮರುದಿನ ಡಾರ್ಟ್‌ಮತ್ ರಸ್ತೆಯ ಆ ಪಾರ್ಕಿಂಗ್ ಬಯಲಿಗೆ ಬಂತು.

ಅಂದು ಅಲ್ಲಿ ನಡೆದದ್ದನ್ನು ಸಣ್ಣ ವಿವರಗಳೊಂದಿಗೆ ನೋಡಬೇಕು. ಪ್ರತಿಭಟನಕಾರರು ಬಯಲಿನ ಬಾಗಿಲಿಗೆ ಅಡ್ಡಲಾಗಿ ನಿಂತರು. ಕಾರು ತಂದವರಿಗೆ, ನೀವು ಕಾರು ನಿಲ್ಲಿಸುವ ಜಾಗದಲ್ಲಿ ನಮ್ಮ ಜನರ ಮನೆಗಳಿದ್ದವು ಎಂದು ಹೇಳಿದರು. ಪೊಲೀಸರು ಬಂದು ಮೆಲ್ ಕಿಂಗ್ ಅವರೂ ಸೇರಿದಂತೆ 23 ಜನರನ್ನು ಬಂಧಿಸಿದರು. ಬಿಡುಗಡೆಯಾದವರು ಮನೆಗೆ ಹೋಗಿ ಸುಮ್ಮನಾಗಲಿಲ್ಲ, ಇನ್ನಷ್ಟು ಜನರನ್ನು ಕರೆದುಕೊಂಡು ಅಲ್ಲಿಗೇ ಮರಳಿದರು. ಡೇರೆಗಳು ಎದ್ದವು, ಹಲಗೆ, ಹಳೆಯ ಹಾಸಿಗೆಗಳಿಂದ ಗುಡಿಸಲುಗಳು ಎದ್ದವು, ‘ಟೆಂಟ್ ಸಿಟಿ’ ಎಂಬ ಫಲಕ ಮೇಲೇರಿತು. ಮಕ್ಕಳು ಬಂದರು, ಹಾಡು ಬಂತು. ರಾಕ್ಸ್‌ಬರಿಯಲ್ಲಿ ಸ್ಲೇಡ್ಸ್ ಎಂಬ ಹೋಟೆಲು ನಡೆಸುತ್ತಿದ್ದ, ಬಾಸ್ಟನ್ ಸೆಲ್ಟಿಕ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ದಿಗ್ಗಜ ಬಿಲ್ ರಸೆಲ್ ಅಲ್ಲಿಂದ ಊಟ ಒದಗಿಸಿದರು. ಕೆಲವೇ ದಿನ ನಡೆದ ಈ ವಾಸ್ತವ್ಯದಲ್ಲಿ ಕಪ್ಪು ಜನ, ಪೋರ್ಟೊರಿಕೊದವರು, ಬಿಳಿಯರು ಒಂದೇ ಬಯಲಿನಲ್ಲಿ ಅಡುಗೆ ಹಂಚಿಕೊಂಡು ಮಲಗಿದರು. ಹ್ಯಾರಿಸನ್ ಅವೆನ್ಯೂವನ್ನು ನೆನಪಿನಲ್ಲಿ ಹೊತ್ತು ತಿರುಗುತ್ತಿದ್ದ ಮನುಷ್ಯನಿಗೆ ಆ ಬಯಲು ಪರಿಚಿತವಾಗಿಯೇ ಕಂಡಿರಬೇಕು ಎಂದು ನಾನು ಊಹಿಸುತ್ತೇನೆ. ಬೇಡಿಕೆಗಳು ಸರಳವಾಗಿದ್ದವು: ಇನ್ನು ಜನರನ್ನು ಎಬ್ಬಿಸಬೇಡಿ; ಎಬ್ಬಿಸಿದವರಿಗೆ ಇದೇ ಬಡಾವಣೆಯಲ್ಲಿ ಅವರ ಕೈಗೆಟಕುವ ಮನೆ ಕಟ್ಟಿಕೊಡಿ; ಯೋಜನೆ ಮಾಡುವ ಮೇಜಿನ ಸುತ್ತ ನಮಗೂ ಜಾಗ ಕೊಡಿ.

ಅದೇ 1968ರಲ್ಲಿ ಸೌತ್ ಎಂಡ್‌ನ ‘19ನೆಯ ತುಂಡು’ ಎಂದು ಯೋಜನಾ ನಕ್ಷೆಯಲ್ಲಿ ಗುರುತಿಸಿದ್ದ ಜಾಗದ ಪೋರ್ಟೊರಿಕನ್ ನಿವಾಸಿಗಳೂ ಸಂಘಟಿತರಾದರು. ತಾವಿರುವ ನೆಲವನ್ನು ಬಿಟ್ಟು ಕದಲುವುದಿಲ್ಲವೆಂದು ನಿಂತು, ಕೊನೆಗೆ ಆ ನೆಲವನ್ನು ಅಭಿವೃದ್ಧಿಪಡಿಸುವ ಅಧಿಕಾರವನ್ನು ತಾವೇ ಪಡೆದರು. ಇಂದಿನ ವಿಲ್ಲಾ ವಿಕ್ಟೋರಿಯಾ ವಸತಿ ಸಮುಚ್ಚಯ ಹುಟ್ಟಿದ್ದು ಹಾಗೆ. ಅವರಿಗೆ ಕೆಲವೇ ವರ್ಷಗಳಲ್ಲಿ ಸಿಕ್ಕಿದ್ದು ಟೆಂಟ್ ಸಿಟಿಯವರಿಗೆ ಇಪ್ಪತ್ತು ವರ್ಷ ಸಿಗಲಿಲ್ಲ. ಆ ಮೂಲೆಯ ನೆಲದ ಬೆಲೆ ಬಹಳ ಹೆಚ್ಚು, ಪಕ್ಕದಲ್ಲಿಯೇ ನಗರದ ಸಿರಿವಂತ ವ್ಯಾಪಾರ ಕೇಂದ್ರವಾದ ಕಾಪ್ಲಿ ಚೌಕ ಇತ್ತು.

ಈ ನಡುವೆ ಇನ್ನೊಂದು ಅಪಾಯ ಎದುರಾಯಿತು. 1948ರ ಹೆದ್ದಾರಿ ನಕ್ಷೆಯ ಪ್ರಕಾರ, ನಗರದ ಒಳಗೆ ಸುತ್ತು ಹೆದ್ದಾರಿಯೊಂದೂ ನೈರುತ್ಯ ದಿಕ್ಕಿನಿಂದ ಅದನ್ನು ಸೇರುವ ಐ-95 ಹೆದ್ದಾರಿಯೂ ರಾಕ್ಸ್‌ಬರಿ, ಜಮೈಕಾ ಪ್ಲೇನ್, ಸೌತ್ ಎಂಡ್‌ಗಳನ್ನು ಸೀಳಿಕೊಂಡು ಹೋಗಬೇಕಿತ್ತು. 1960ರ ದಶಕದಲ್ಲಿ ಅದಕ್ಕಾಗಿ ಮನೆ, ಅಂಗಡಿ, ಕಾರ್ಖಾನೆಗಳನ್ನು ಕೆಡವುವ ಕೆಲಸ ಆರಂಭವಾಗಿಯೇ ಬಿಟ್ಟಿತ್ತು. ಬಾಸ್ಟನ್ನಿನ ನೆರೆಯ ಕೇಂಬ್ರಿಡ್ಜ್ ನಗರದ ಪ್ರಾಧ್ಯಾಪಕರು, ಜಮೈಕಾ ಪ್ಲೇನ್‌ನ ಬಿಳಿಯ ಕಾರ್ಮಿಕ ಕುಟುಂಬಗಳು, ರಾಕ್ಸ್‌ಬರಿಯ ಕಪ್ಪು ಸಂಘಟಕರು ಕೈಜೋಡಿಸಿದರು. 1969ರ ಜನವರಿ 25ರಂದು ಹೆದ್ದಾರಿಗಿಂತ ಜನ ಮೊದಲು ಎಂಬ ಘೋಷಣೆಯೊಂದಿಗೆ ಅವರೆಲ್ಲ ರಾಜ್ಯ ಶಾಸನಭವನದ ಮುಂದೆ ಸೇರಿದರು. ಹಿಂದೆ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥರಾಗಿದ್ದು ಆಗ ರಾಜ್ಯಪಾಲರಾಗಿದ್ದ ಫ್ರಾನ್ಸಿಸ್ ಸಾರ್ಜೆಂಟ್ 1970ರ ಫೆಬ್ರುವರಿಯಲ್ಲಿ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ತಮ್ಮ ಹಿಂದಿನ ನಿಲುವು ತಪ್ಪಾಗಿತ್ತೆಂದು ಒಪ್ಪಿ, ಹೆದ್ದಾರಿ ಕೆಲಸಕ್ಕೆ ತಡೆ ಹಾಕಿದರು. 1972ರ ನವೆಂಬರ್‌ನಲ್ಲಿ ಯೋಜನೆಯನ್ನೇ ಕೈಬಿಟ್ಟರು. ಮರುವರ್ಷದ ಕೇಂದ್ರ ಹೆದ್ದಾರಿ ಕಾಯ್ದೆಯು ಕೈಬಿಟ್ಟ ಹೆದ್ದಾರಿಯ ಹಣವನ್ನು ಸಾರ್ವಜನಿಕ ಸಾರಿಗೆಗೆ ಬಳಸಲು ದಾರಿ ಮಾಡಿತು. ಹಾಗಾಗಿ ಐ-95 ಬರಬೇಕಿದ್ದ ಪಟ್ಟಿಯಲ್ಲಿ 1987ರ ಮೇ ತಿಂಗಳಿಂದ ಆರೆಂಜ್ ಲೈನ್ ರೈಲು ಓಡುತ್ತಿದೆ, ಅದರ ಉದ್ದಕ್ಕೂ ಸೌತ್‌ವೆಸ್ಟ್ ಕಾರಿಡಾರ್ ಉದ್ಯಾನವಿದೆ.

ಈ ಗೆಲುವಿನ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಹೊಸ ಮಾರ್ಗ ತೆರೆಯುವ ಹೊತ್ತಿಗೆ ವಾಷಿಂಗ್ಟನ್ ರಸ್ತೆಯ ಮೇಲಿನ ಹಳೆಯ ಎತ್ತರದ ರೈಲು ನಿಂತಿತು. ಗದ್ದಲ, ಕತ್ತಲೆ ಎರಡೂ ಹೋದವು ನಿಜ. ಆದರೆ ಆ ರಸ್ತೆಯ ಬದಿಯ ರಾಕ್ಸ್‌ಬರಿಯ ಕಪ್ಪು ನಿವಾಸಿಗಳಿಗೆ ಮನೆ ಹತ್ತಿರದ ರೈಲೂ ಹೋಯಿತು. ಬದಲಿ ಸೇವೆಯ ಭರವಸೆ ಕೈಗೂಡಿದ್ದು 2002ರಲ್ಲಿ, ಅದೂ ಸಿಲ್ವರ್ ಲೈನ್ ಎಂಬ ಬಸ್ಸಿನ ರೂಪದಲ್ಲಿ.

ಮೆಲ್ ಕಿಂಗ್ 1973ರಿಂದ ಸುಮಾರು ಒಂದು ದಶಕ ರಾಜ್ಯ ಶಾಸನಸಭೆಯಲ್ಲಿದ್ದರು. ಸೂಟು ಟೈಗಳ ನಡುವೆ ಆಫ್ರಿಕದ ದಶೀಕಿ ಅಂಗಿ ತೊಟ್ಟು ಬರುವ ಎತ್ತರದ, ಬೋಳುತಲೆಯ, ಗಡ್ಡದ ಮನುಷ್ಯ. ಅವರು 1974ರಲ್ಲಿ ತಂದ ತೋಟಗಾರಿಕೆ ಕಾಯ್ದೆ ಚಿಕ್ಕದಾಗಿ ಕಾಣುತ್ತದೆ, ಆದರೆ ಈ ಪ್ರಕರಣಕ್ಕೆ ಅದು ನೇರವಾಗಿ ಸೇರುತ್ತದೆ. ಸರ್ಕಾರದ ಒಡೆತನದಲ್ಲಿ ಪಾಳುಬಿದ್ದ ಜಾಗಗಳಲ್ಲಿ ಜನ ತರಕಾರಿ ಬೆಳೆಯಲು ಅದು ಅನುವು ಮಾಡಿಕೊಟ್ಟಿತು. ಮನೆ ಬಿದ್ದ ನಿವೇಶನಗಳಲ್ಲಿ ಸೊಪ್ಪು, ಟೊಮೆಟೊ ಎದ್ದವು; ದಕ್ಷಿಣದ ಹೊಲಗಳಿಂದ ಬಂದ ಮುದುಕರೂ ಹೊಸದಾಗಿ ಬಂದ ವಲಸಿಗರೂ ಒಂದೇ ಬೇಲಿಯೊಳಗೆ ಮಡಿ ಮಾಡಿದರು.

ಡಾರ್ಟ್‌ಮತ್ ರಸ್ತೆಯ ಮೂಲೆಗೆ ಮರಳೋಣ. ಆ ಬಯಲನ್ನು ಜನ ಬಿಟ್ಟುಕೊಡಲಿಲ್ಲ. ಸಭೆ, ಅರ್ಜಿ, ನಕ್ಷೆ, ಸಾಲದ ಲೆಕ್ಕ, ಮತ್ತೆ ಸಭೆ ಎಂದು 1970ರ ದಶಕವಿಡೀ ಕಳೆಯಿತು. ಆ ದಶಕದ ಕೊನೆಗೆ ಟೆಂಟ್ ಸಿಟಿ ನಿಗಮ ಎಂಬ ಲಾಭರಹಿತ ಸಂಸ್ಥೆ ರೂಪುಗೊಂಡಿತು. ಪಕ್ಕದಲ್ಲಿ ಕಾಪ್ಲಿ ಪ್ಲೇಸ್ ಎಂಬ ಬೃಹತ್ ಹೋಟೆಲು ಮತ್ತು ಅಂಗಡಿ ಸಮುಚ್ಚಯ ಎದ್ದಾಗ ಅದಕ್ಕೂ ವಾಹನ ನಿಲ್ಲಿಸಲು ಜಾಗ ಬೇಕಾಯಿತು. ಆ ಬೇಡಿಕೆಯನ್ನೇ ಹಿಡಿತವಾಗಿ ಬಳಸಿ, ನೆಲದಡಿಯಲ್ಲಿ ಕಾರುಗಳು, ನೆಲದ ಮೇಲೆ ಮನೆಗಳು ಎಂಬ ಒಪ್ಪಂದ ಮೂಡಿತು. 1968ರಲ್ಲಿ ಮನೆಗಳನ್ನು ಓಡಿಸಿ ಮೇಲೆ ನಿಂತಿದ್ದ ಕಾರುಗಳು ಕೊನೆಗೆ ಮನೆಗಳ ಕೆಳಗೆ ಹೋದವು. 1988ರಲ್ಲಿ ಉದ್ಘಾಟನೆಯಾದ ಟೆಂಟ್ ಸಿಟಿಯಲ್ಲಿ 269 ಮನೆಗಳಿವೆ: ಕಾಲು ಭಾಗ ಕಡಿಮೆ ಆದಾಯದವರಿಗೆ, ಅರ್ಧ ಮಧ್ಯಮ ಆದಾಯದವರಿಗೆ, ಉಳಿದ ಕಾಲು ಭಾಗ ಮಾರುಕಟ್ಟೆಯ ಬಾಡಿಗೆಗೆ. ಹೊರಗೋಡೆಗಳು ಸೌತ್ ಎಂಡ್‌ನ ಹಳೆಯ ಮನೆಗಳ ಜೊತೆ ಹೊಂದುವ ಇಟ್ಟಿಗೆಯವು. ಸರ್ಕಾರಿ ವಸತಿ ಎಂದು ದೂರದಿಂದಲೇ ಬೆರಳು ಮಾಡಿ ತೋರಿಸುವಂತಿಲ್ಲ.

1983ರ ಮೇಯರ್ ಚುನಾವಣೆಯನ್ನು ಇಲ್ಲಿ ಉಲ್ಲೇಖಿಸಿ ಮುಂದೆ ಸಾಗಬಹುದು. ಅಂತಿಮ ಸುತ್ತಿಗೆ ಬಂದ ಬಾಸ್ಟನ್ನಿನ ಮೊದಲ ಕಪ್ಪು ಅಭ್ಯರ್ಥಿಯಾಗಿದ್ದ ಮೆಲ್ ಕಿಂಗ್ ಅಲ್ಲಿ ರೇ ಫ್ಲಿನ್ ಎದುರು ಸೋತರು. ಆದರೆ ನಗರಮಧ್ಯದಲ್ಲಿ ದೊಡ್ಡ ವಾಣಿಜ್ಯ ಕಟ್ಟಡ ಕಟ್ಟುವವರು ಬಡಾವಣೆಗಳ ವಸತಿಗೆ ಹಣ ಕೊಡಬೇಕೆಂಬ ವಿಚಾರ ಆ ಚುನಾವಣೆಯ ಮುಖ್ಯ ಚರ್ಚೆಯಾಯಿತು, ಮುಂದೆ ನಗರದ ನಿಯಮವೂ ಆಯಿತು.

ಪ್ರಕರಣದ ಕಾನೂನಿನ ಎಳೆ ಎಲ್ಲಿಗೆ ಬಂದು ಮುಟ್ಟಿತು ಎಂಬುದನ್ನು ನೋಡಲು ರಾಕ್ಸ್‌ಬರಿಯ ಡಡ್ಲಿ ರಸ್ತೆಗೆ ಹೋಗಬೇಕು. 1984ರಲ್ಲಿ ಅಲ್ಲಿನ ನಿವಾಸಿಗಳು, ಬೆಂಕಿ ಬಿದ್ದ ಮನೆಗಳು ಮತ್ತು ಕಸದ ರಾಶಿಗಳ ನಡುವೆ, ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಶಿಯೇಟಿವ್ ಎಂಬ ಸಂಘಟನೆ ಕಟ್ಟಿದರು. 1988ರಲ್ಲಿ, ಟೆಂಟ್ ಸಿಟಿ ತೆರೆದ ವರ್ಷದಲ್ಲಿಯೇ, ಬಾಸ್ಟನ್ ಪುನರಭಿವೃದ್ಧಿ ಪ್ರಾಧಿಕಾರವು ಆ ಬಡಾವಣೆಯ ಒಂದು ಭಾಗದಲ್ಲಿ ಖಾಲಿ ನಿವೇಶನಗಳನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ಈ ನಿವಾಸಿಗಳಿಗೇ ಒಪ್ಪಿಸಿತು. ಇಡೀ ಅಮೆರಿಕದಲ್ಲಿ ಬಡಾವಣೆಯ ಸಂಘಟನೆಯೊಂದು ಇಂಥ ಅಧಿಕಾರ ಪಡೆದದ್ದು ಅದೇ ಮೊದಲು. ಹೀಗೆ ಸಿಕ್ಕ ನೆಲ ಸಮುದಾಯದ ಭೂನ್ಯಾಸದ (ಲ್ಯಾಂಡ್ ಟ್ರಸ್ಟ್) ಒಡೆತನದಲ್ಲಿಯೇ ಉಳಿಯುತ್ತದೆ. ಮೇಲಿನ ಮನೆಗಳನ್ನು ಮಾತ್ರ ಕೈಗೆಟಕುವ ಬೆಲೆಗೆ ಮಾರಲಾಗುತ್ತದೆ. ಸೆನೆಕಾ ರಸ್ತೆಯನ್ನು ನೆಲಸಮ ಮಾಡಿದ ಭೂಸ್ವಾಧೀನದ ಆಯುಧವೇ ಮೂವತ್ತು ವರ್ಷ ಕಳೆದು, ಎಬ್ಬಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಬಂದು ಸೇರಿದ ಬಡಾವಣೆಯ ಕೈಗೆ ಬಂತು.

ಈ ಪ್ರಕರಣವನ್ನು ಗೆಲುವಿನ ಕಥೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ, ಸೋಲೆಂದು ಬರೆಯಲು ಕೈ ಬರುವುದಿಲ್ಲ. ಸೌತ್ ಎಂಡ್ ಇಂದು ಬಾಸ್ಟನ್ನಿನ ಬಹು ದುಬಾರಿ ಬಡಾವಣೆಗಳಲ್ಲೊಂದು. ಕೊಠಡಿ ಬಾಡಿಗೆಗೆ ಜನ ತುಂಬಿರುತ್ತಿದ್ದ ಇಟ್ಟಿಗೆ ಮನೆಗಳು ಈಗ ಸಿರಿವಂತರ ಪಾಲಾಗಿವೆ. ಮುದ್ರಣಾಲಯವೂ ತೆರವಾಗಿ, ಆ ನೆಲದಲ್ಲಿ 2010ರ ದಶಕದಲ್ಲಿ ‘ಇಂಕ್ ಬ್ಲಾಕ್’ ಎಂಬ ಐಷಾರಾಮಿ ವಸತಿ ಸಮುಚ್ಚಯ ಎದ್ದಿದೆ. ಪತ್ರಿಕೆಯ ಶಾಯಿಯ ನೆನಪು ಆ ಹೆಸರಿನಲ್ಲಿದೆ, ಅದಕ್ಕೂ ಹಿಂದಿನ ಮನೆಗಳ ನೆನಪು ಇಲ್ಲ. ವಾಸಕ್ಕೆ ಯೋಗ್ಯವಲ್ಲವೆಂದು ಜನರನ್ನು ಎಬ್ಬಿಸಿದ ನೆಲ ಆರು ದಶಕಗಳ ತರುವಾಯ ವಾಸಕ್ಕೇ ಅತಿ ಬೆಲೆಬಾಳುವ ನೆಲವಾಯಿತು. ಇಷ್ಟರ ನಡುವೆಯೂ ಈ ಬಡಾವಣೆಯಲ್ಲಿ ಕಡಿಮೆ ಆದಾಯದ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿ ಉಳಿದಿವೆ. ಟೆಂಟ್ ಸಿಟಿ, ವಿಲ್ಲಾ ವಿಕ್ಟೋರಿಯಾದಂಥ ಜಾಗಗಳು ಇಲ್ಲದಿದ್ದರೆ ಅವು ಉಳಿಯುತ್ತಿರಲಿಲ್ಲ. 269 ಮನೆಗಳು ಒಂದು ಕೇರಿಗೆ ಸಮವಲ್ಲ. ಆದರೆ ಆ ಒಂದೊಂದು ಮನೆಯ ಬಾಗಿಲ ಹಿಂದೆಯೂ ಬೇರೆ ಊರಿಗೆ ಹೋಗಬೇಕಾಗದೆ ಉಳಿದ ಒಂದು ಕುಟುಂಬವಿದೆ.

ಶಾಸನಸಭೆ ಬಿಟ್ಟ ಮೇಲೂ ಮೆಲ್ ಕಿಂಗ್ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) 1996ರವರೆಗೆ ಪಾಠ ಹೇಳಿದರು, ನಿವೃತ್ತರಾದ ಬಳಿಕ ಟೆಂಟ್ ಸಿಟಿ ಕಟ್ಟಡದಲ್ಲಿಯೇ ಬಡಾವಣೆಯ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವ ಸೌತ್ ಎಂಡ್ ಟೆಕ್ನಾಲಜಿ ಸೆಂಟರ್ ನಡೆಸಿದರು. ಅವರ ಮನೆ ಇದ್ದದ್ದು ಪಕ್ಕದ ಯಾರ್ಮತ್ ರಸ್ತೆಯಲ್ಲಿ. ಭಾನುವಾರ ಬೆಳಗಿನ ಊಟಕ್ಕೆ ಆ ಮನೆಯ ಬಾಗಿಲು ಯಾರಿಗಾದರೂ ತೆರೆದಿರುತ್ತಿತ್ತು: ಮೊದಲ ಸಲ ಚುನಾವಣೆಗೆ ನಿಲ್ಲಲು ಹೊರಟವರು, ವಿದ್ಯಾರ್ಥಿಗಳು, ಬಾಡಿಗೆ ತಕರಾರು ಹಿಡಿದು ಬಂದವರು, ದಾರಿಹೋಕರು, ಎಲ್ಲರೂ ಒಂದೇ ಮೇಜಿನ ಸುತ್ತ. ಬಂದವರಿಗೆ ಅವರು ತಾವೇ ಬಡಿಸುತ್ತಿದ್ದರು, ಮಾತು ಸೆನೆಕಾ ರಸ್ತೆಗೆ ತಿರುಗಿದರೆ ಹ್ಯಾರಿಸನ್ ಅವೆನ್ಯೂವಿನ ಅಂಗಡಿಗಳನ್ನು ಎಣಿಸಲು ಶುರು ಮಾಡುತ್ತಿದ್ದರು. ಯಾರ್ಮತ್ ರಸ್ತೆ ಕೊಲಂಬಸ್ ಅವೆನ್ಯೂವನ್ನು ಸೇರುವ ಮೂಲೆಗೆ ಅವರು ಬದುಕಿರುವಾಗಲೇ ನಗರ ಮೆಲ್ ಕಿಂಗ್ ಚೌಕ ಎಂದು ಹೆಸರಿಟ್ಟಿತು.